ಟಿಂಟಿನ್ ಮೊದಲಾ, ಆಸ್ಟರಿಕ್ಸ್ ಮೊದಲಾ?

"ಮಗಳಿಗೆ ಎಂಟು ವರ್ಷ. ಅಮರ ಚಿತ್ರ ಕಥೆ ಎಲ್ಲಾ ಓದಿ ಮುಗಿಸಿದ್ದಾಳೆ. ಈಗ ಟಿಂಟಿನ್ ಕೊಡಿಸ್ಲಾ, ಆಸ್ಟರಿಕ್ಸ್ ಕೊಡಿಸ್ಲಾ?" ಬೇಸಿಗೆ ರಜೆ ಹತ್ತಿರ ಬಂದಾಗಲೆಲ್ಲ ಯಾರಾದರೂ ಈ ಪ್ರಶ್ನೆ ಕೇಳುತ್ತಾರೆ. ಅಪ್ಪ ಅಮ್ಮಂದಿರು ಕೇಳುತ್ತಾರೆ, ಸೋದರಮಾವಂದಿರು ಕೇಳುತ್ತಾರೆ. ದೊಡ್ಡವರಾದ ಮೇಲೆ ತಮಗೇ ಅಂತ ಕೊಳ್ಳಲು ಹೊರಟವರೂ ಕೇಳುತ್ತಾರೆ. ಒಂದೇ ಮಾತಲ್ಲಿ ಹೇಳಿ ಕಳಿಸಿದರೆ ಅವರಿಗೆ ಅನ್ಯಾಯ ಆಗುತ್ತದೆ. ಈ ಪುಸ್ತಕಗಳು ಅಗ್ಗವಲ್ಲ, ಮತ್ತೆ ಮೊದಲ ಪುಸ್ತಕ ಹಿಡಿಸದಿದ್ದರೆ ಮಗು ಇಡೀ ಸಾಲನ್ನೇ ಮೂಲೆಗೆ ಹಾಕಿಬಿಡುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಎರಡೂ ಕಾಮಿಕ್ಸ್. ಫ್ರಾನ್ಸ್, ಬೆಲ್ಜಿಯಂ ಕಡೆ ಇಂಥ ಕಾಮಿಕ್ಸ್ ಪುಸ್ತಕಕ್ಕೆ ಆಲ್ಬಮ್ ಅನ್ನುತ್ತಾರೆ. ಸುಮಾರು ಎ4 ಅಳತೆ, ಪೂರ್ತಿ ಬಣ್ಣ, ಸಾಮಾನ್ಯವಾಗಿ 48 ಪುಟ. ಟಿಂಟಿನ್ ಕಥೆಗಳು 62 ಪುಟ. ಹಳೆಯ ಆಲ್ಬಮ್‌ಗಳಲ್ಲಿ ಬಹುಪಾಲು ಮೊದಲು ಪತ್ರಿಕೆಗಳಲ್ಲಿ ಕಂತು ಕಂತಾಗಿ ಬಂದಂಥವು. ಓದುಗ ಮುಂದಿನ ವಾರವೂ ಪತ್ರಿಕೆ ಕೊಳ್ಳಬೇಕಲ್ವಾ? ಅದಕ್ಕೆ ಪುಟದ ಕೊನೆಯ ಚೌಕದಲ್ಲಿ ಏನಾದರೊಂದು ಎಳೆ ಬಿಟ್ಟಿರುತ್ತಾರೆ. ಬಾಗಿಲು ತೆರೆಯುತ್ತದೆ, ಒಳಗೆ ಯಾರು ಅಂತ ತೋರಿಸುವುದಿಲ್ಲ. ಓದಲು ಬೇಸರಪಡುವ ಮಗುವೂ ಪುಟ ತಿರುಗಿಸುವುದು ಇದರಿಂದ.

ಆಯುವ ಮುಂಚೆ

ನಾನು ಮೊದಲು ನೋಡುವುದು ಕಥೆಯನ್ನು ಹೊರುವುದು ಚಿತ್ರವೋ ಮಾತೋ ಅಂತ. ಉಳಿದಿದ್ದೆಲ್ಲ ಆಮೇಲೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು ಅನ್ನುವ ಮಕ್ಕಳಿಗೆ ಇದು ತುಂಬಾ ಮುಖ್ಯ. ಚಿತ್ರ ಹೊರುವ ಕಥೆಯಾದರೆ ನಾಲ್ಕು ಪದ ಗೊತ್ತಾಗದಿದ್ದರೂ ಮಗು ಮುಂದೆ ಹೋಗುತ್ತದೆ. ಮಾತು ಹೊರುವ ಕಥೆಯಾದರೆ ಒಂದು ಪದ ತಪ್ಪಿದರೂ ನಗು ಕೈಜಾರುತ್ತದೆ.

ಎರಡನೆಯದು, ಕಥೆ ಒಂದೇ ಪುಸ್ತಕದಲ್ಲಿ ಮುಗಿಯುತ್ತದೋ, ಮುಂದಿನದಕ್ಕೆ ಹೋಗುತ್ತದೋ. ಇದನ್ನು ಗಮನಿಸದೆ ನಾನು ಪೆಟ್ಟು ತಿಂದಿದ್ದೇನೆ. ಒಂದು ಹಳೆ ಪುಸ್ತಕದ ಅಂಗಡಿಯಲ್ಲಿ ಟಿಂಟಿನ್‌ನ ‘ದಿ ಸೀಕ್ರೆಟ್ ಆಫ್ ದಿ ಯೂನಿಕಾರ್ನ್’ ಸಿಕ್ಕಿತು ಅಂತ ಖುಷಿಯಿಂದ ಅಕ್ಕನ ಮಗನಿಗೆ ತಂದುಕೊಟ್ಟೆ. ಅವನು ಒಂದೇ ಕೂತಲ್ಲಿ ಓದಿ, ಕೊನೆಯ ಪುಟದಿಂದ ತಲೆ ಎತ್ತಿ, "ನಿಧಿ ಎಲ್ಲಿ ಮಾಮ?" ಅಂದ. ನಿಧಿ ಇರುವುದು ‘ರೆಡ್ ರ‍್ಯಾಕಮ್ಸ್ ಟ್ರೆಷರ್’ ಅನ್ನುವ ಎರಡನೇ ಭಾಗದಲ್ಲಿ. ಅದು ಸಿಗುವ ತನಕ ನನ್ನನ್ನು ಕಂಡಾಗಲೆಲ್ಲ ಅವನದು ಅದೇ ಪ್ರಶ್ನೆ.

ಮೂರನೆಯದು, ಒಳಗೆ ಏನಿದೆ: ಸಾವು, ರಕ್ತ, ಕುಡಿತ, ಹಳೆ ಕಾಲದ ಜನಾಂಗದ ಲೇವಡಿ. ನಾಲ್ಕನೆಯದು ಅಳತೆ ಮತ್ತು ದುಡ್ಡು. ಇವೆರಡೂ ಒಟ್ಟಿಗೇ ಬರುತ್ತವೆ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಐದರಿಂದ ಎಂಟು

ಇನ್ನೂ ಅಕ್ಷರ ಕೂಡಿಸಿ ಓದುವ ಮಕ್ಕಳಿಗೆ ಟಿಂಟಿನ್ ಕೊಡುವ ಆತುರ ಬೇಡ. ಈ ವಯಸ್ಸಿಗೆ ನನ್ನ ಆಯ್ಕೆ ‘ಆರಿಯೋಲ್’, ಅಂದರೆ ನೀಲಿ ಕನ್ನಡಕದ ಕತ್ತೆಮರಿ. ಎಮಾನ್ಯುಯೆಲ್ ಗಿಬೇರ್ ಬರೆದು ಮಾರ್ಕ್ ಬೂತಾವಾಂ ಚಿತ್ರ ಬಿಡಿಸಿದ್ದು, ಇಂಗ್ಲಿಷಿನಲ್ಲಿ ಪೇಪರ್‌ಕಟ್ಜ್ ತಂದಿದೆ. ಶಾಲೆ, ಮೇಷ್ಟ್ರು, ಗೆಳೆಯ ರಮೋನೊ ಅನ್ನುವ ಹಂದಿಮರಿ, ಆರಿಯೋಲ್ ಮನಸ್ಸಿನಲ್ಲೇ ಇಷ್ಟಪಡುವ ಪೆಟುಲಾ ಅನ್ನುವ ಹಸುಮರಿ. ಒಂದೊಂದು ಕಥೆಯೂ ಕೆಲವೇ ಪುಟ. ಮಲಗುವ ಮುಂಚೆ ಒಂದು ಓದಿ ಮುಗಿಸಬಹುದು. ಮಕ್ಕಳು ಮಕ್ಕಳ ಜೊತೆ ಆಡುವ ಇಂಗ್ಲಿಷೇ ಇದರಲ್ಲಿರುವುದು. ಪುಸ್ತಕದ ಅಳತೆ ಸಣ್ಣದು, ಚಿಕ್ಕ ಕೈಗೆ ಸರಿಯಾಗುತ್ತದೆ.

ಇನ್ನೊಂದು ‘ಸ್ಮರ್ಫ್ಸ್’, ಬೆಲ್ಜಿಯಂನ ಪೇಯೋ 1958ರಲ್ಲಿ ಹುಟ್ಟಿಸಿದ ನೀಲಿ ಪುಟಾಣಿಗಳು. ಟಿವಿಯಲ್ಲಿ ನೋಡಿ ಮಕ್ಕಳಿಗೆ ಆಗಲೇ ಪರಿಚಯ. ಚಿತ್ರ ಸೊಗಸು, ಕಥೆ ಸರಳ. ಆದರೆ ಒಂದು ತೊಡಕಿದೆ. ಸ್ಮರ್ಫ್‌ಗಳು ಸಿಕ್ಕ ಸಿಕ್ಕ ಪದದ ಜಾಗದಲ್ಲಿ ‘ಸ್ಮರ್ಫ್’ ಅನ್ನುತ್ತವೆ. ನಮ್ಮ ಮನೆಗಳಲ್ಲಿ "ಆ ಇದನ್ನ ತಗೊಂಡು ಅಲ್ಲಿ ಇದು ಮಾಡು" ಅನ್ನುತ್ತಾರಲ್ಲ, ಹಾಗೆ. ಇಂಗ್ಲಿಷು ಸಲೀಸಾಗಿ ಬರುವ ಮಗುವಿಗೆ ಅದು ಆಟ, ಬಿಟ್ಟ ಪದವನ್ನು ತಾನೇ ತುಂಬಿಕೊಳ್ಳುತ್ತದೆ. ಈಗಷ್ಟೇ ಪದ ಕಲಿಯುತ್ತಿರುವ ಮಗುವಿಗೆ ಗೊಂದಲ. ಪಕ್ಕದಲ್ಲಿ ಕೂತು ಓದಿ ಹೇಳುವವರಿದ್ದರೆ ಸ್ಮರ್ಫ್ಸ್, ಮಗು ತಾನೊಂದೇ ಕೂತು ಓದುವುದಾದರೆ ಆರಿಯೋಲ್.

ಟಿಂಟಿನ್

ಹೆರ್ಜೆ ಅನ್ನುವ ಹೆಸರಿನಲ್ಲಿ ಬರೆದ ಬೆಲ್ಜಿಯಂನ ಜಾರ್ಜ್ ರೆಮಿಯ ಟಿಂಟಿನ್, ದೇಶ ದೇಶ ಸುತ್ತುವ ಹುಡುಗ ವರದಿಗಾರ, 1929ರ ಜನವರಿ 10ರಂದು ಮೊದಲು ಕಾಣಿಸಿಕೊಂಡ. ಅರ್ಧಕ್ಕೆ ನಿಂತ ಕೊನೆಯದನ್ನೂ ಸೇರಿಸಿ ಒಟ್ಟು 24 ಆಲ್ಬಮ್. ಎಂಟು ವರ್ಷದ ಮಗು ಅಂದರೆ ನಾನು ಹೆಚ್ಚು ಯೋಚಿಸದೆ ಹೇಳುವುದು ಇದನ್ನೇ, ಯಾಕೆಂದರೆ ಇಲ್ಲಿ ಕಥೆ ಹೊರುವುದು ಚಿತ್ರ.

ಒಂದು ಉದಾಹರಣೆ. ‘ದಿ ಕ್ಯಾಲ್ಕ್ಯುಲಸ್ ಅಫೇರ್’ನಲ್ಲಿ ಟಿಂಟಿನ್‌ನ ಗೆಳೆಯ ಕ್ಯಾಪ್ಟನ್ ಹ್ಯಾಡಕ್‌ಗೆ ಒಂದು ತುಂಡು ಪ್ಲಾಸ್ಟರ್ ಅಂಟಿಕೊಳ್ಳುತ್ತದೆ. ಬೆರಳಿಂದ ಕಿತ್ತರೆ ಇನ್ನೊಂದು ಬೆರಳಿಗೆ. ಕೊಡವಿದರೆ ಹೋಗಿ ಬೇರೆಯವರಿಗೆ. ಅವರಿಂದ ಇನ್ನೊಬ್ಬರಿಗೆ. ಹೀಗೆ ಊರೆಲ್ಲ ಸುತ್ತಿ ಮತ್ತೆ ಕ್ಯಾಪ್ಟನ್ ಹತ್ತಿರವೇ ಬರುತ್ತದೆ. ಇದಕ್ಕೆ ಭಾಷೆಯೇ ಬೇಡ. ಇಂಗ್ಲಿಷ್ ಓದಲು ತಡವರಿಸುವ ಹುಡುಗನೊಬ್ಬ ಈ ಪುಟಕ್ಕೆ ಬೆರಳಿಟ್ಟು, ಪ್ಲಾಸ್ಟರ್ ಎಲ್ಲೆಲ್ಲಿ ಹೋಯಿತು ಅಂತ ಚೌಕದಿಂದ ಚೌಕಕ್ಕೆ ಹುಡುಕುತ್ತಾ ಹೊಟ್ಟೆ ಹಿಡಿದು ನಕ್ಕಿದ್ದನ್ನು ನಾನೇ ನೋಡಿದ್ದೇನೆ. ಆ ದಿನದಿಂದ ಅವನಿಗೆ ಪುಸ್ತಕದ ಮೇಲೆ ಭಯ ಹೋಯಿತು.

ಅನುವಾದವೂ ಚೊಕ್ಕ. ಲೆಸ್ಲಿ ಲಾನ್ಸ್‌ಡೇಲ್-ಕೂಪರ್ ಮತ್ತು ಮೈಕಲ್ ಟರ್ನರ್ ಸೇರಿ ಮಾಡಿದ್ದು. ಫ್ರೆಂಚಿನ ಮಿಲೂ ಅನ್ನುವ ನಾಯಿ ಇಲ್ಲಿ ಸ್ನೋಯಿ ಆಯಿತು, ಪ್ರೊಫೆಸರ್ ಟೂರ್ನೆಸೋಲ್ ಕ್ಯಾಲ್ಕ್ಯುಲಸ್ ಆದರು. ಕ್ಯಾಪ್ಟನ್ ಬೈಗುಳದ ಸುರಿಮಳೆಯಲ್ಲಿ ಒಂದೂ ಕೆಟ್ಟ ಮಾತಿಲ್ಲ. ‘ಬ್ಲಿಸ್ಟರಿಂಗ್ ಬಾರ್ನಕಲ್ಸ್’ ಅಂತ ಮಗು ಮನೆಯಲ್ಲಿ ಕೂಗಾಡಿದರೆ ಅಜ್ಜಿಯೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕ್ಯಾಪ್ಟನ್ ಕುಡುಕ ಅನ್ನುವುದು ಮಾತ್ರ ನಿಜ. ಅದು ನಿಮಗೆ ಸರಿಬರುವುದಿಲ್ಲ ಅಂದರೆ ‘ದಿ ಕ್ರ್ಯಾಬ್ ವಿತ್ ದಿ ಗೋಲ್ಡನ್ ಕ್ಲಾಸ್’ ಮೊದಲಿಗೆ ಬೇಡ, ಅದರಲ್ಲಿ ಕುಡಿತವೇ ಕಥೆಯ ದೊಡ್ಡ ಭಾಗ.

ಯಾವುದರಿಂದ ಶುರು ಮಾಡಬೇಕು? ಕ್ರಮಸಂಖ್ಯೆ ಹಿಡಿದು ಮೊದಲಿನಿಂದ ಹೋಗಬೇಡಿ. ‘ಟಿಂಟಿನ್ ಇನ್ ದಿ ಕಾಂಗೋ’ ಆಫ್ರಿಕಾದ ಜನರನ್ನು ಪೆದ್ದರಂತೆ, ವಿಕಾರವಾಗಿ ಚಿತ್ರಿಸಿದ ಪುಸ್ತಕ. ಚಿಕ್ಕ ಮಕ್ಕಳ ಕೈಗೆ ಅದನ್ನು ನಾನು ಕೊಡುವುದಿಲ್ಲ. ದೊಡ್ಡವರಾದ ಮೇಲೆ ಜೊತೆಗೆ ಕೂತು, ಯಾಕೆ ಹೀಗಿತ್ತು ಅಂತ ಮಾತಾಡುತ್ತಾ ಓದಬಹುದು. ಹೆರ್ಜೆ ಅಲ್ಲೇ ನಿಲ್ಲಲಿಲ್ಲ ಅನ್ನುವುದನ್ನೂ ಹೇಳಬೇಕು. ಬ್ರಸೆಲ್ಸ್‌ನಲ್ಲಿ ಓದುತ್ತಿದ್ದ ಚಾಂಗ್ ಅನ್ನುವ ಚೀನೀ ಕಲಾವಿದನ ಸ್ನೇಹವಾದ ಮೇಲೆ ‘ದಿ ಬ್ಲೂ ಲೋಟಸ್’ ಬಂತು. ಅದರಲ್ಲಿ ಚೀನಾದ ಬೀದಿಗಳನ್ನು, ಜನರನ್ನು ಎಷ್ಟು ಗಮನ ಕೊಟ್ಟು ಬಿಡಿಸಿದ್ದಾರೆ ನೋಡಿ. ಮುಂದೆ ಕೆಲಸ ಇನ್ನೂ ಅಚ್ಚುಕಟ್ಟಾಯಿತು. ‘ದಿ ಬ್ಲ್ಯಾಕ್ ಐಲ್ಯಾಂಡ್’ ನಡೆಯುವುದು ಬ್ರಿಟನ್ನಿನಲ್ಲಿ. ಇಂಗ್ಲಿಷ್ ಪ್ರಕಾಶಕರು ಅದರಲ್ಲಿ 131 ತಪ್ಪುಗಳ ಪಟ್ಟಿ ಮಾಡಿ ಕಳಿಸಿದ್ದಕ್ಕೆ, 1966ಕ್ಕೆ ಇಡೀ ಪುಸ್ತಕವನ್ನೇ ಹೊಸದಾಗಿ ಬಿಡಿಸಿ ತಂದರು.

ನಮ್ಮ ಮಕ್ಕಳಿಗೆ ಮೊದಲ ಪುಸ್ತಕವಾಗಿ ‘ಟಿಂಟಿನ್ ಇನ್ ಟಿಬೆಟ್’ ಚೆನ್ನ. ಒಂದೇ ಪುಸ್ತಕದಲ್ಲಿ ಮುಗಿಯುತ್ತದೆ. ಖಳನಾಯಕ ಇಲ್ಲ, ಗುಂಡು ಹಾರುವುದಿಲ್ಲ, ವಿಮಾನ ಬಿದ್ದು ಕಾಣೆಯಾದ ಗೆಳೆಯನನ್ನು ಹುಡುಕುವುದಷ್ಟೇ ಕಥೆ. ದಾರಿಯಲ್ಲಿ ದೆಹಲಿ ಬರುತ್ತದೆ, ಕುತುಬ್ ಮಿನಾರ್ ಬರುತ್ತದೆ, ರಸ್ತೆಯಲ್ಲಿ ಮಲಗಿದ ಹಸುವನ್ನು ದಾಟಲು ಹೋಗಿ ಕ್ಯಾಪ್ಟನ್ ಅದರ ಮೇಲೇ ಸವಾರಿ ಹೊರಡುತ್ತಾನೆ. ಎರಡು ಪುಸ್ತಕ ಕೊಳ್ಳುವ ಅನುಕೂಲ ಇದ್ದರೆ ಯೂನಿಕಾರ್ನ್ ಜೋಡಿ. ಆಕಾಶ, ರಾಕೆಟ್ಟು ಅಂದರೆ ಕಣ್ಣರಳಿಸುವ ಮಗುವಾದರೆ ಚಂದ್ರಯಾನದ ಜೋಡಿ. ಅದರ ಎರಡನೇ ಭಾಗ ಬಂದದ್ದು 1954ರಲ್ಲಿ, ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೆ 15 ವರ್ಷ ಮುಂಚೆ. ಆದರೆ ಅದರಲ್ಲಿ ವಿಜ್ಞಾನದ ವಿವರಣೆ ಜಾಸ್ತಿ, ಮಾತಿನ ಬಲೂನುಗಳು ತುಂಬಿ ತುಳುಕುತ್ತವೆ. ಹತ್ತು ವರ್ಷದ ತನಕ ಕಾಯುವುದು ಒಳ್ಳೆಯದು.

ಟಿಂಟಿನ್‌ಗೆ ಇರುವ ದೊಡ್ಡ ಕೊರತೆ ಅಂದರೆ ಹೆಣ್ಣುಮಕ್ಕಳೇ ಇಲ್ಲ ಅನ್ನುವುದು. ಹಾಡುಗಾತಿ ಕಾಸ್ಟಾಫಿಯೋರೆ ಒಬ್ಬಳನ್ನು ಬಿಟ್ಟರೆ ನೆನಪಿನಲ್ಲಿ ಉಳಿಯುವ ಹೆಂಗಸು ಯಾರೂ ಇಲ್ಲ. ಇದಕ್ಕೆ ಪರಿಹಾರ ಮುಂದೆ ಬರುತ್ತದೆ.

ಆಸ್ಟರಿಕ್ಸ್

ಗೊಸಿನಿ ಬರೆದು ಯುಡೆರ್ಜೊ ಚಿತ್ರಿಸಿದ ಆಸ್ಟರಿಕ್ಸ್ ಶುರುವಾಗಿದ್ದು 1959ರಲ್ಲಿ, ಫ್ರಾನ್ಸಿನ ಪಿಲೋಟ್ ಪತ್ರಿಕೆಯಲ್ಲಿ. ರೋಮನ್ನರಿಗೆ ತಲೆಬಾಗದ ಗಾಲ್‌ನ, ಅಂದರೆ ಹಳೆಯ ಫ್ರಾನ್ಸಿನ, ಒಂದೇ ಒಂದು ಹಳ್ಳಿ, ಮಂತ್ರದ ಕಷಾಯ, ಹೊಡೆದಾಟ, ಕೊನೆಗೆ ಊರೂಟ. ಚಿತ್ರ ನೋಡಿದರೆ ಟಿಂಟಿನ್‌ಗಿಂತ ಇದೇ ಚಿಕ್ಕ ಮಕ್ಕಳದ್ದು ಅನ್ನಿಸುತ್ತದೆ. ಬಹಳ ಮಂದಿ ಎಡವುವುದು ಇಲ್ಲೇ. ಆಸ್ಟರಿಕ್ಸ್‌ನಲ್ಲಿ ನಗು ಇರುವುದು ಮಾತಿನಲ್ಲಿ.

ನಾಯಿಯ ಹೆಸರನ್ನೇ ತೆಗೆದುಕೊಳ್ಳಿ. ಫ್ರೆಂಚಿನಲ್ಲಿ ಇಡೆಫಿಕ್ಸ್, ಅಂದರೆ ತಲೆಯಲ್ಲಿ ಕೂತು ಅಲುಗದ ಒಂದೇ ಯೋಚನೆ. ಇಂಗ್ಲಿಷಿಗೆ ತಂದ ಆಂಥಿಯಾ ಬೆಲ್ ಮತ್ತು ಡೆರೆಕ್ ಹಾಕ್ರಿಜ್ ಅದನ್ನು ಡಾಗ್ಮ್ಯಾಟಿಕ್ಸ್ ಮಾಡಿದರು. ಹಟಮಾರಿ ಅನ್ನುವ ಅರ್ಥವೂ ಉಳಿಯಿತು, ಒಳಗೆ ‘ಡಾಗ್’ ಕೂಡ ಬಂದು ಕೂತಿತು! ಮೂಲಕ್ಕಿಂತ ಒಂದು ಕೈ ಮೇಲು ಅಂತ ನನಗೆ ಅನ್ನಿಸುತ್ತದೆ. ‘ಆಸ್ಟರಿಕ್ಸ್ ಇನ್ ಬ್ರಿಟನ್’ ಇನ್ನೊಂದು ಚಮತ್ಕಾರ. ಮೂಲದಲ್ಲಿ ಬ್ರಿಟನ್ನಿನವರು ಇಂಗ್ಲಿಷಿನ ಪದಕ್ರಮದಲ್ಲಿ ಫ್ರೆಂಚ್ ಮಾತಾಡುತ್ತಾರೆ, ಫ್ರೆಂಚರಿಗೆ ನಗು ಬರುವುದು ಅದಕ್ಕೆ. ಇಂಗ್ಲಿಷಿನಲ್ಲಿ ಅದನ್ನು ಹೇಗೆ ತರುವುದು? ಅನುವಾದಕರು ಅವರ ಬಾಯಲ್ಲಿ ಹಳೆ ಕಾಲದ ದೊರೆಗಳ ಇಂಗ್ಲಿಷ್ ಇಟ್ಟುಬಿಟ್ಟರು. ಆ ಧಾಟಿ ಎಲ್ಲಿಯದು ಅಂತ ಗೊತ್ತಿದ್ದರೆ ಬಿದ್ದು ಬಿದ್ದು ನಗಬಹುದು. ಗೊತ್ತಿಲ್ಲದ ಒಂಬತ್ತು ವರ್ಷದ ಮಗುವಿಗೆ ಅದು ಬರೀ ಕಷ್ಟದ ಇಂಗ್ಲಿಷ್.

ಹಾಗಾಗಿ ಟಿಂಟಿನ್ ಮೊದಲು, ಎರಡು ವರ್ಷ ಬಿಟ್ಟು ಆಸ್ಟರಿಕ್ಸ್. ಇಂಗ್ಲಿಷು ಚೆನ್ನಾಗಿ ಬರುವ, ಪದಗಳ ಜೊತೆ ಆಡುವ ಚಟ ಇರುವ ಮಗುವಾದರೆ ಹತ್ತಕ್ಕೇ ಕೊಡಿ. ಇಲ್ಲದಿದ್ದರೆ ಹನ್ನೆರಡು. ಅದೇ ಪುಸ್ತಕವನ್ನು ಇಪ್ಪತ್ತೈದರಲ್ಲಿ ಮತ್ತೆ ತೆರೆದರೆ, ಆಗ ಕಾಣದೇ ಹೋದ ನಗು ಪುಟಪುಟದಲ್ಲೂ ಸಿಗುತ್ತದೆ. ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಸಲ ಓದಿಸಿಕೊಳ್ಳುವ ಪುಸ್ತಕ ಯಾವುದು ಅಂದರೆ ಆಸ್ಟರಿಕ್ಸೇ.

ಆಯುವಾಗ ಒಂದು ಗೆರೆ ನೆನಪಿಡಿ. ಗೊಸಿನಿ 1977ರಲ್ಲಿ ತೀರಿಕೊಂಡರು. ಅವರು ಬರೆದ 24 ಆಲ್ಬಮ್‌ಗಳು, ಅಂದರೆ ‘ಆಸ್ಟರಿಕ್ಸ್ ಇನ್ ಬೆಲ್ಜಿಯಂ’ ತನಕ, ಕಣ್ಣು ಮುಚ್ಚಿ ಕೊಳ್ಳುವಂಥವು. ಆಮೇಲೆ ಯುಡೆರ್ಜೊ ಒಬ್ಬರೇ ಬರೆದು ಬಿಡಿಸಿದವುಗಳಲ್ಲಿ ಏರುಪೇರಿದೆ. ‘ಆಸ್ಟರಿಕ್ಸ್ ಅಂಡ್ ದಿ ಫಾಲಿಂಗ್ ಸ್ಕೈ’ ನನಗೆ ನಿರಾಸೆ ತಂದ ಪುಸ್ತಕ. ‘ಆಸ್ಟರಿಕ್ಸ್ ಅಂಡ್ ದಿ ಮ್ಯಾಜಿಕ್ ಕಾರ್ಪೆಟ್’ನಲ್ಲಿ ಕಥೆ ಭಾರತಕ್ಕೆ ಬರುತ್ತದೆ, ಊರಿನ ಹಾಡುಗಾರನ ಕೆಟ್ಟ ಕಂಠದಿಂದ ಇಲ್ಲಿ ಮಳೆ ಬರಿಸಬೇಕು. ನಮ್ಮ ಮಕ್ಕಳಿಗೆ ಇಷ್ಟವಾಗುತ್ತದೆ, ಆದರೆ ಅದನ್ನು ಮೊದಲ ಪುಸ್ತಕ ಮಾಡಬೇಡಿ. ಮೊದಲಿಗೆ ‘ಆಸ್ಟರಿಕ್ಸ್ ಅಂಡ್ ಕ್ಲಿಯೋಪಾತ್ರ’ ಸರಿ. ಅದರಲ್ಲಿ ಚಿತ್ರವೇ ವೈಭವ, ಮಾತು ತಪ್ಪಿದರೂ ಕಣ್ಣಿಗೆ ಹಬ್ಬ. 2013ರಿಂದ ಬೇರೆಯವರು ಮುಂದುವರಿಸಿದ್ದಾರೆ. ಅವು ಕೆಟ್ಟದ್ದಲ್ಲ, ಆದರೆ ಅವಸರ ಏನಿಲ್ಲ.

ಅಮೆರಿಕದಲ್ಲಿರುವವರಿಗೆ ಒಂದು ಮಾತು. ಅಲ್ಲಿ ಪೇಪರ್‌ಕಟ್ಜ್ 2020ರಿಂದ ಹೊಸ ಅನುವಾದ ತರುತ್ತಿದೆ, ಅಮೆರಿಕದ ಇಂಗ್ಲಿಷಿನಲ್ಲಿ. ಮಂತ್ರದ ಕಷಾಯ ಕಾಯಿಸುವ ಮುದುಕ ಬ್ರಿಟಿಷ್ ಅನುವಾದದಲ್ಲಿ ಗೆಟಫಿಕ್ಸ್, ಅದರಲ್ಲಿ ಪನೋರಮಿಕ್ಸ್. ಅಲ್ಲಿನ ಶಾಲೆಗೆ ಹೋಗುವ ಮಗುವಿಗೆ ಓದಲು ಸುಲಭ ಆಗಬಹುದು. ನನ್ನ ಮನಸ್ಸು ಮಾತ್ರ ಬೆಲ್, ಹಾಕ್ರಿಜ್ ಕಡೆಗೇ. ಯಾವುದಾದರೂ ಸರಿ, ಎರಡನ್ನೂ ಬೆರೆಸಬೇಡಿ.

ಮಾತಿನ ಆಟ ಬೇಡ, ಬರೀ ನಗು ಸಾಕು ಅನ್ನುವವರಿಗೆ ‘ಲಕ್ಕಿ ಲ್ಯೂಕ್’ ಇದೆ. ಮೋರಿಸ್ 1946ರಲ್ಲಿ ಶುರು ಮಾಡಿದ ಕೌಬಾಯ್. ಒಳ್ಳೆಯ ಕಾಲ ಅಂದರೆ 1955ರ ನಂತರ ಗೊಸಿನಿಯೇ ಬರೆದದ್ದು. ಒಂದೊಂದೂ ಬಿಡಿ ಕಥೆ, ಯಾವುದನ್ನು ಮೊದಲು ಓದಿದರೂ ನಡೆಯುತ್ತದೆ. ಹಳೆಯ ಕಥೆಗಳಲ್ಲಿ ಲ್ಯೂಕ್ ಬಾಯಲ್ಲಿ ಸದಾ ಸಿಗರೇಟು. 1983ರಲ್ಲಿ ಮೋರಿಸ್ ಅದನ್ನು ತೆಗೆದು ಹುಲ್ಲುಕಡ್ಡಿ ಇಟ್ಟರು, ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಗೌರವವೂ ಸಿಕ್ಕಿತು. ರೆಡ್ ಇಂಡಿಯನ್ನರನ್ನು, ಚೀನೀಯರನ್ನು ಗೇಲಿ ಮಾಡುವ ಹಳೆ ಚಾಳಿ ಇದರಲ್ಲೂ ಇದೆ. ಮಗು ಓದುವಾಗ ಒಂದು ಮಾತು ಹೇಳಿ.

ಹೆಣ್ಣುಮಕ್ಕಳು ಮುಂದೆ ನಿಲ್ಲುವ ಕಥೆ

ಟಿಂಟಿನ್ ಓದಿ ಮುಗಿಸಿದ ಹುಡುಗಿ "ಹುಡುಗೀರು ಯಾಕಿಲ್ಲ?" ಅಂತ ಕೇಳಿದರೆ ‘ಯೋಕೊ ತ್ಸುನೊ’ ಕೊಡಿ. ಹೆರ್ಜೆಯ ಸ್ಟುಡಿಯೋದಲ್ಲೇ ಕೆಲಸ ಮಾಡಿದ್ದ ರೋಜೆ ಲೆಲೂ 1970ರಲ್ಲಿ ಶುರು ಮಾಡಿದ್ದು. ಯೋಕೊ ಜಪಾನಿನ ಎಲೆಕ್ಟ್ರಿಕಲ್ ಇಂಜಿನಿಯರ್. ಯಂತ್ರ ಬಿಚ್ಚುತ್ತಾಳೆ, ವಿಮಾನ ಹಾರಿಸುತ್ತಾಳೆ, ಬೇರೆ ಗ್ರಹದವರ ಜೊತೆ ಗೆಳೆತನ ಮಾಡುತ್ತಾಳೆ. ಅವಳನ್ನು ಯಾರೂ ಬಂದು ಕಾಪಾಡಬೇಕಿಲ್ಲ. ಯಂತ್ರಗಳ ಚಿತ್ರವಂತೂ ಒಂದೊಂದು ಬೋಲ್ಟು ಎಣಿಸುವಷ್ಟು ಸ್ಪಷ್ಟ. ಇಂಗ್ಲಿಷಿನಲ್ಲಿ ತಂದಿರುವುದು ಬ್ರಿಟನ್ನಿನ ಕ್ಯಾಂಟರ್ಬರಿಯ ಸಿನೆಬುಕ್. ಲಕ್ಕಿ ಲ್ಯೂಕ್ ಕೂಡ ಅವರದ್ದೇ. ಆದರೆ ಇಂಗ್ಲಿಷಿನ ಕ್ರಮ ಫ್ರೆಂಚಿನದಲ್ಲ. ಇಲ್ಲಿ ಒಂದನೆಯದಾಗಿ ಬಂದ ‘ಆನ್ ದಿ ಎಡ್ಜ್ ಆಫ್ ಲೈಫ್’ ಫ್ರೆಂಚಿನಲ್ಲಿ ಏಳನೆಯದು. ಗಾಬರಿ ಬೇಡ, ಹೆಚ್ಚಿನವು ಬಿಡಿಬಿಡಿಯಾಗಿ ಓದಿಸಿಕೊಳ್ಳುತ್ತವೆ. ಬಲೂನುಗಳಲ್ಲಿ ಮಾತು ಜಾಸ್ತಿ, ಅದಕ್ಕೆ ಹತ್ತು ಹನ್ನೊಂದು ವರ್ಷ ಆಗಲಿ.

ಅದೇ ವಯಸ್ಸಿಗೆ ‘ಅಲೋನ್’ ಅನ್ನುವ ಸಾಲೂ ಇದೆ, ಅದೂ ಸಿನೆಬುಕ್‌ನದ್ದೇ. ಬೆಳಿಗ್ಗೆ ಎದ್ದರೆ ಊರಿನಲ್ಲಿ ಯಾರೂ ಇಲ್ಲ, ಐದು ಮಕ್ಕಳು ಮಾತ್ರ ಉಳಿದಿದ್ದಾರೆ. ಹಿಡಿದರೆ ಕೆಳಗಿಡಲು ಆಗುವುದಿಲ್ಲ. ಆದರೆ ಇದು ಒಂದರ ಹಿಂದೆ ಒಂದು ಸಾಗುವ ಸರಪಳಿ, ಒಂದು ಕೊಂಡರೆ ಮುಂದಿನದೂ ಕೊಳ್ಳಲೇಬೇಕು. ಭಯವೂ ಜಾಸ್ತಿ. ರಾತ್ರಿ ಒಬ್ಬರೇ ಮಲಗಲು ಹೆದರುವ ಮಗುವಿಗೆ ಬೇಡ.

ಹದಿಮೂರರ ಮೇಲೆ

ಇಲ್ಲಿ ರುಚಿ ನೋಡಿ ಆರಿಸಬೇಕು. ಬಾಹ್ಯಾಕಾಶ, ಬಣ್ಣ, ಕಲ್ಪನೆ ಬೇಕು ಅಂದರೆ ‘ವಲೇರಿಯನ್ ಅಂಡ್ ಲೊರೆಲಿನ್’. ಕ್ರಿಸ್ತಾಂ, ಮೆಜಿಯೇರ್ ಜೋಡಿ 1967ರಲ್ಲಿ ಶುರು ಮಾಡಿದಾಗ ಲೊರೆಲಿನ್ ಒಂದೇ ಕಥೆಗೆ ಅಂತ ಬಂದವಳು. ಓದುಗರಿಗೆ ಹಿಡಿಸಿದಳು, ಉಳಿದಳು, ಕೊನೆಗೆ 2007ರಲ್ಲಿ ಅವಳ ಹೆಸರೂ ರಟ್ಟಿನ ಮೇಲೆ ಬಂತು. ಪತ್ತೇದಾರಿ, ಹಳೆ ಲಂಡನ್, ಮಂಜು ಅಂದರೆ ಎಡ್ಗರ್ ಜೇಕಬ್ಸ್‌ನ ‘ಬ್ಲೇಕ್ ಅಂಡ್ ಮಾರ್ಟಿಮರ್’, ಅದರಲ್ಲೂ ‘ದಿ ಯೆಲ್ಲೋ ಎಂ’. ಅದನ್ನು ಓದಲು ತಾಳ್ಮೆ ಬೇಕು. ಚಿತ್ರದಲ್ಲಿ ಕಂಡದ್ದನ್ನೇ ಮೇಲೆ ಮತ್ತೆ ಉದ್ದಕ್ಕೆ ಬರೆದಿರುತ್ತಾರೆ.

ಹದಿನೈದರ ಆಸುಪಾಸಿನಲ್ಲಿ ಒಂದೇ ಪುಸ್ತಕ ಕೊಡುವುದಾದರೆ ನಾನು ‘ಪರ್ಸೆಪೊಲಿಸ್’ ಕೊಡುತ್ತೇನೆ. ಇರಾನಿನಲ್ಲಿ ಬೆಳೆದ ಮಾರ್ಜಾನ್ ಸತ್ರಾಪಿ ಫ್ರಾನ್ಸಿನಲ್ಲಿ ಕೂತು ತಮ್ಮ ಬಾಲ್ಯವನ್ನು ಕಪ್ಪು ಬಿಳುಪಿನಲ್ಲಿ ಬಿಡಿಸಿದ್ದು. ಕ್ರಾಂತಿ, ಯುದ್ಧ, ಜೈಲಿನ ಹಿಂಸೆ ಎಲ್ಲಾ ಇದೆ. ಅದರ ನಡುವೆಯೇ ಒಂದು ಹುಡುಗಿಯ ಹಟ, ಅಜ್ಜಿಯ ಪ್ರೀತಿ. ಪೂರ್ತಿ ಕಥೆ ಒಂದೇ ಸಂಪುಟದಲ್ಲಿ ಸಿಗುತ್ತದೆ, ದುಡ್ಡಿನ ಲೆಕ್ಕದಲ್ಲೂ ಅನುಕೂಲ.

‘ಬ್ಲ್ಯಾಕ್‌ಸ್ಯಾಡ್’ ಬಗ್ಗೆ ಎಚ್ಚರ. ರಟ್ಟಿನ ಮೇಲೆ ಕೋಟು ತೊಟ್ಟ ಕರಿಬೆಕ್ಕು ಕಂಡು ಮಕ್ಕಳ ಪುಸ್ತಕ ಅಂದುಕೊಳ್ಳುತ್ತಾರೆ. ಒಂದು ಅಂಗಡಿಯಲ್ಲಿ ಅದನ್ನು ಮಕ್ಕಳ ಕಪಾಟಿನಲ್ಲೇ ಇಟ್ಟಿದ್ದರು, ಹತ್ತು ವರ್ಷದವನೊಬ್ಬನಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಹೋಗುವುದರಲ್ಲಿತ್ತು. ಒಳಗಿರುವುದು ಕೊಲೆ, ನಗ್ನತೆ, ಜನಾಂಗದ್ವೇಷ. ದೊಡ್ಡವರು ತಮಗೆ ಕೊಳ್ಳುವುದಾದರೆ ಇದಕ್ಕಿಂತ ಚೆಂದದ ಜಲವರ್ಣ ಕಾಮಿಕ್ಸಿನಲ್ಲಿ ಸಿಗುವುದು ಕಷ್ಟ. ಡಿಸ್ನಿಯ ಪ್ಯಾರಿಸ್ ಸ್ಟುಡಿಯೋದಲ್ಲಿ ಪಳಗಿದ ಗ್ವಾರ್ನಿಡೊ ಕೈಯ ಕೆಲಸ ಅದು.

ಅಳತೆ ಮತ್ತು ದುಡ್ಡು

ಮೂರು ಟಿಂಟಿನ್ ಕಥೆ ಸೇರಿಸಿದ ಸಣ್ಣ ಅಳತೆಯ ಗಟ್ಟಿ ರಟ್ಟಿನ ಸಂಪುಟಗಳು ಬಂದಿವೆ. ಒಂದೊಂದು ಕಥೆಗೆ ಲೆಕ್ಕ ಹಾಕಿದರೆ ಬಿಡಿ ಪುಸ್ತಕಕ್ಕಿಂತ ಅಗ್ಗ, ಕಪಾಟಿನಲ್ಲಿ ಜಾಗವೂ ಕಡಿಮೆ. ಆದರೆ ಪುಟ ಕುಗ್ಗಿದೆ, ಅಕ್ಷರವೂ ಕುಗ್ಗಿದೆ. ಆಗಷ್ಟೇ ಓದಲು ಕಲಿತ ಮಗುವಿಗೂ, ನಲವತ್ತು ದಾಟಿದ ಕಣ್ಣಿಗೂ ಅದು ತ್ರಾಸ. ಮೊದಲ ಎರಡು ಪುಸ್ತಕವನ್ನಾದರೂ ದೊಡ್ಡ ಅಳತೆಯಲ್ಲೇ ಕೊಡಿಸಿ. ಚಟ ಹತ್ತಿದ ಮೇಲೆ ಸಣ್ಣ ಸಂಪುಟಕ್ಕೆ ಹೋಗಬಹುದು. ಆಸ್ಟರಿಕ್ಸ್‌ನ ಬ್ರಿಟಿಷ್ ಆಮ್ನಿಬಸ್ ಸಂಪುಟಗಳಲ್ಲಿ ಈ ತೊಂದರೆ ಇಲ್ಲ, ಪುಟ ದೊಡ್ಡದಾಗೇ ಇದೆ. ಅಲ್ಲಿ ಮೂರು ಕಥೆಯ ಸಂಪುಟವೇ ಲಾಭ. ಪೂರ್ತಿ ಪೆಟ್ಟಿಗೆ ಸೆಟ್ ಮಾತ್ರ ಮೊದಲಿಗೇ ಕೊಳ್ಳಬೇಡಿ. ಒಟ್ಟಿಗೆ ಇಪ್ಪತ್ತು ಪುಸ್ತಕ ಎದುರಿಗೆ ಬಂದರೆ ಮಗುವಿಗೆ ಅದು ಪಾಠದ ಹಾಗೆ ಕಾಣುತ್ತದೆ.

ಮೊಬೈಲಿನಲ್ಲಿ ಓದಿಸುವ ಯೋಚನೆ ಬಿಡಿ. ಒಂದು ಚೌಕ ದೊಡ್ಡದು ಮಾಡಿದರೆ ಪಕ್ಕದ್ದು ಕಾಣುವುದಿಲ್ಲ, ಆ ಪ್ಲಾಸ್ಟರಿನ ಪುಟ ಸತ್ತೇ ಹೋಗುತ್ತದೆ. ದೊಡ್ಡ ಟ್ಯಾಬ್ ಇದ್ದರೆ ಪರವಾಗಿಲ್ಲ.

ಬೆಂಗಳೂರಿನಲ್ಲಿ ಇರುವವರು, ಬಂದು ಹೋಗುವವರು ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳನ್ನು ಒಮ್ಮೆ ನೋಡಿ. ಹೊರದೇಶದಲ್ಲಿ ಇರುವವರಿಗೆ ಊರಿನ ಲೈಬ್ರರಿಯೇ ಸಾಕು, ಟಿಂಟಿನ್, ಆಸ್ಟರಿಕ್ಸ್ ಸಾಮಾನ್ಯವಾಗಿ ಅಲ್ಲಿ ಇರುತ್ತವೆ. ಹಳೆಯದು ಕೊಳ್ಳುವಾಗ ನಡುವಿನ ಪುಟಗಳನ್ನು ತಿರುವಿ ನೋಡಿ, ಬೈಂಡಿಂಗ್ ಸಡಿಲವಾಗಿ ಮೊದಲು ಕಳಚಿಕೊಳ್ಳುವುದು ಅವೇ. ಕೊನೆಯ ಪುಟವನ್ನು ಓದಿ, ಕಥೆ ಮುಂದಿನ ಪುಸ್ತಕಕ್ಕೆ ಕೈ ತೋರಿಸುತ್ತಿದೆಯಾ ನೋಡಿ. ಯೂನಿಕಾರ್ನ್ ಸಿಕ್ಕಿ ರೆಡ್ ರ‍್ಯಾಕಮ್ ಸಿಗಲಿಲ್ಲ ಅಂದರೆ ಯೂನಿಕಾರ್ನ್ ಕೊಂಡಿಟ್ಟುಕೊಳ್ಳಿ, ಅಂಗಡಿಯವರಿಗೆ ಫೋನ್ ನಂಬರ್ ಕೊಟ್ಟು ಬನ್ನಿ. ಎರಡನೆಯದು ಕೈಗೆ ಬರುವ ತನಕ ಮೊದಲನೆಯದು ಬೀರುವಿನಲ್ಲೇ ಇರಲಿ.